ಉದ್ದ ಮಿಸ್

ನಮ್ಮ ಶಿಶುವಿಹಾರದಲ್ಲಿ ಮಕ್ಕಳು ಟೀಚರುಗಳನ್ನೆಲ್ಲ ಮಿಸ್ ಎಂದೇ ಕರೆಯುತ್ತಿದ್ದವು. ಹಾಗಾಗಿ ಹೊಸದಾಗಿ ಟೀಚರಾಗಿ ಬಂದ ಅವನೂ ಮಿಸ್ ಆದ. ಆರಡಿ ಮೇಲೆ ಎರಡಿಂಚು, ಕೆನ್ನೆ ತುಂಬ ಗಡ್ಡ, ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ಒಳಗೆ ಬಂದ ದಿನವೇ ಇಲ್ಲ. ಆದರೂ ಮೂರು ವರ್ಷದ ಮಕ್ಕಳ ಪಾಲಿಗೆ ಅವನು ಉದ್ದ ಮಿಸ್. ಮೊದಲ ವಾರ ನಾವು ಹೆಂಗಸರು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

"ಸರ್ ಅನ್ನೋದನ್ನ ಹೇಳ್ಕೊಡಪ್ಪಾ, ಮಾನ ಹೋಗ್ತಿದೆ," ಎಂದೆ ನಾನು.

"ಬಿಡಿ ಅಕ್ಕಾ, ಏನೋ ಒಂದು, ಕರೆದ್ರೆ ಸಾಕು," ಎಂದ.

ನನ್ನದು ಅವನ ಪಕ್ಕದ ಕೋಣೆ. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ಬಾಯಿ. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ, "ಗಂಡಸಿಗೆ ಮಕ್ಕಳ ಮೂಗು ಒರೆಸೋಕೆ ಬರುತ್ತಾ?" ಎಂದು ಹೆಡ್ ಮಿಸ್ ಮುಂದೆ ಮೂತಿ ತಿರುವಿದವಳು ನಾನೇ. ಬರುತ್ತಿತ್ತು. ತಾಯಿ ಕೆಲಸಕ್ಕೆ ಹೋಗುತ್ತಿದ್ದ ಮನೆಯ ಹಿರಿಮಗ ಅವನು. ತಮ್ಮಂದಿರಿಬ್ಬರನ್ನೂ ತಂಗಿಯನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದ್ದ. ಅವನಪ್ಪ ಮರದ ಡಿಪೋದಲ್ಲಿ ಹಲಗೆ ಅಳೆಯುವವರು. ಮಗನೂ ಅಲ್ಲೇ ಬರಲಿ ಎಂದು ಕಾದವರಿಗೆ ಈ ಸುದ್ದಿ ಕೇಳಿ ತಲೆ ಕೆಟ್ಟುಹೋಯಿತಂತೆ. "ಉಚ್ಚೆ ಒರೆಸೋಕೆ ಇಷ್ಟುದ್ದ ಬೆಳೆದ್ಯೇನೋ?" ಎಂದು ಕೇಳಿ ಮಾತು ಬಿಟ್ಟರಂತೆ. ಇದನ್ನು ಅವನು ನನಗೆ ನಗುನಗುತ್ತಲೇ ಹೇಳಿದ್ದ. ಆದರೆ ಅಪ್ಪ ಮಾತು ಬಿಟ್ಟು ಎಷ್ಟು ತಿಂಗಳಾಯಿತು ಎಂಬುದು ಅವನಿಗೆ ಸರಿಯಾಗಿ ನೆನಪಿತ್ತು.

ಕೆಲಸ ನೋಡಬೇಕಿತ್ತು ಅವನದು. ಒಂದು ಗೇಣಿನ ಕುರ್ಚಿಯ ಮೇಲೆ ಕೂತರೆ ಮಂಡಿ ಗಲ್ಲಕ್ಕೆ ಬರುತ್ತಿತ್ತು. ಬೆಳಿಗ್ಗೆ ಗೇಟಿನ ಹತ್ತಿರ ಬಿದ್ದು ಹೊರಳಾಡುವ ಮಕ್ಕಳಿಗೆ ನಾವೆಲ್ಲ "ಅಳಬೇಡ ಪುಟ್ಟಾ, ಅಳಬಾರದು ಬಂಗಾರ" ಎಂದು ರಾಗ ಎಳೆಯುತ್ತಿದ್ದೆವು. ಅವನು ಹಾಗೆನ್ನುತ್ತಿರಲಿಲ್ಲ. ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, "ಅಳು, ನಾನಿಲ್ಲೇ ಇರ್ತೀನಿ, ಮುಗಿದ ಮೇಲೆ ಹೇಳು," ಎನ್ನುತ್ತಿದ್ದ. ಮಗು ಸ್ವಲ್ಪ ಹೊತ್ತು ಅತ್ತು, ಅವನನ್ನೊಮ್ಮೆ ನೋಡಿ, "ಮುಗೀತು," ಎಂದು ಹೇಳಿ ಎದ್ದು ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವನ ಕೋಣೆಯಲ್ಲಿ ಒಂದು ಪುಟ್ಟ ಹುಡುಗಿ ಇದ್ದಳು. ಯಾರದಾದರೂ ಕಿವಿ ಹಿಡಿದುಕೊಳ್ಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಕೈಗೆ ಗೊಂಬೆ ಕೊಟ್ಟರೂ, ಬಟ್ಟೆ ಕೊಟ್ಟರೂ ಎಸೆಯುವಳು. ಕೊನೆಗೆ ಅವನು ಮಧ್ಯಾಹ್ನದ ಊಟವಾದ ಮೇಲೆ ಅವಳ ಚಾಪೆಯ ಪಕ್ಕ ನೆಲದ ಮೇಲೆ ಮೈ ಚಾಚಿ, ಅವಳ ಕೈಗೆ ತನ್ನ ಕಿವಿ ಕೊಟ್ಟು, ಒಂದು ಕೈಯಲ್ಲಿ ಆಚೆಯ ಮಗುವನ್ನು ತಟ್ಟುತ್ತ, ಮೂಗಿನಲ್ಲಿ ಏನೋ ಗುಂಯ್‌ಗುಟ್ಟುತ್ತಿದ್ದ. ಅದಕ್ಕೆ ರಾಗವಿಲ್ಲ, ತಾಳವಿಲ್ಲ. "ನಿನ್ನ ಹಾಡು ಕೇಳೋಕಾಗದೇ ಮಕ್ಕಳು ನಿದ್ದೆ ಹೋಗ್ತವೆ ಕಣೋ," ಎಂದು ನಾನು ರೇಗಿಸುತ್ತಿದ್ದೆ.

ಈಗ ಆ ಕಾಗದದ ವಿಷಯ ಹೇಳಬೇಕು. ನಮ್ಮ ಐದೂ ಕೋಣೆಗಳ ಬಾಗಿಲಿಗೆ ಒಂದೊಂದು ಗಾಜು. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗಿನವರಿಗೆ ಕಾಣಬೇಕು, ಗಾಜಿಗೆ ಏನನ್ನೂ ಅಂಟಿಸಬಾರದು ಎಂದು ನಿಯಮ. ಎಲ್ಲರೂ ಸಹಿ ಹಾಕಿದ್ದೆವು. ಆದರೆ ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೇ ಹಜಾರದ ದೊಡ್ಡ ಕಿಟಕಿಯ ಬಿಸಿಲು ಆ ಗಾಜಿನಿಂದ ಒಳಗೆ ನುಗ್ಗಿ ನೇರ ಮಕ್ಕಳ ಕಣ್ಣಿಗೆ ಹೊಡೆಯುತ್ತಿತ್ತು. ಹದಿನೆಂಟು ಮಕ್ಕಳಲ್ಲಿ ಒಂದು ಎದ್ದರೆ ಮುಗಿಯಿತು, ಹದಿನೆಂಟೂ ಎದ್ದು ಕೂರುತ್ತವೆ. ಅದಕ್ಕೆ ನಾವು ಟೀಚರುಗಳು ಆ ಒಂದು ಗಂಟೆ ಕರಿ ಕಾಗದ ಅಂಟಿಸಿ, ಆಮೇಲೆ ಕಿತ್ತಿಡುತ್ತಿದ್ದೆವು. ಹೆಡ್ ಮಿಸ್ ಆ ಹೊತ್ತಿನಲ್ಲಿ ಮಹಡಿ ಹತ್ತುತ್ತಿರಲಿಲ್ಲ. ನಾನೊಮ್ಮೆ ಸಿಕ್ಕಿಬಿದ್ದು, ಇನ್ನೊಂದು ಸಲ ಹೀಗಾದರೆ ಕೆಲಸ ಬಿಟ್ಟು ಮನೆಗೆ ಹೋಗುತ್ತೇನೆಂದು ಬರೆದುಕೊಟ್ಟವಳು. ಆದರೂ ಬಿಟ್ಟಿರಲಿಲ್ಲ. ಅವನು ಬಂದ ಎರಡನೆಯ ದಿನವೇ ನನ್ನ ಕಟ್ಟಿನಿಂದ ಒಂದು ಹಾಳೆ ತೆಗೆದುಕೊಟ್ಟು, "ನಾಲ್ಕು ಮೂಲೆಗೆ ಅಂಟು ಹಾಕು ಸಾಕು, ಬೇಗ ಕಿತ್ತು ಬರುತ್ತೆ," ಎಂದು ಹೇಳಿಕೊಟ್ಟೆ.

"ನಿಯಮ ಇದೆಯಲ್ಲಾ ಅಕ್ಕಾ?" ಎಂದ.

"ನಿಯಮ ಮಾಡಿದೋರು ಬಂದು ಮಲಗಿಸ್ತಾರಾ? ಅಂಟಿಸೋ ಸುಮ್ನೆ," ಎಂದೆ.

ಒಂದು ದಿನ ಆ ಕಿವಿ ಹಿಡಿಯುವ ಹುಡುಗಿಯ ತಾಯಿ, ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕೆಂದು, ಮಧ್ಯಾಹ್ನವೇ ಬಂದಳು. ಗಾಜಿಗೆ ಕರಿ ಕಾಗದ. ಬಾಗಿಲು ತಳ್ಳಿದರೆ ಒಳಗೆ ಕತ್ತಲೆ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು ಮಗಳ ಪಕ್ಕ ನೆಲದ ಮೇಲೆ ಮಲಗಿದ್ದ ಗಡ್ಡದ ಗಂಡಸು. ಆ ತಾಯಿಯ ಮೇಲೆ ನನಗೆ ಕೋಪವಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಕಿರುಚುತ್ತಿದ್ದೆ. ಅವಳ ಕೂಗು ನನ್ನ ಕೋಣೆಗೂ ಕೇಳಿಸಿತು. ಏನಾಯಿತೋ ಎಂದು ನೋಡಲು ಓಡಬೇಕಿತ್ತಲ್ಲವೇ? ನಾನು ಓಡಿದ್ದು ನನ್ನ ಬಾಗಿಲಿಗೆ. ಕಾಗದ ಕಿತ್ತು, ಮುದುರಿ, ಕೈಚೀಲದ ತಳಕ್ಕೆ ತುರುಕಿ, ಆಮೇಲೆ ಹೊರಗೆ ಬಂದೆ. ಉಳಿದ ಮೂವರೂ ಅದನ್ನೇ ಮಾಡಿದ್ದರು. ಹೆಡ್ ಮಿಸ್ ಏದುಸಿರು ಬಿಡುತ್ತ ಮಹಡಿ ಹತ್ತಿ ಬರುವ ಹೊತ್ತಿಗೆ ಕಾಗದ ಇದ್ದದ್ದು ಅವನ ಬಾಗಿಲಲ್ಲಿ ಮಾತ್ರ.

ಆಫೀಸಿನಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಹುಡುಗಿಯ ತಾಯಿ, ತಂದೆ ಕುರ್ಚಿಯಲ್ಲಿ, ನಾವು ನಾಲ್ವರು ಗೋಡೆಗೆ, ಅವನು ನಡುವೆ.

"ಮಲಗಿಸುವಾಗ ಬೆಳಕು ಬೀಳುತ್ತೆ ಅಂತ ಅಂಟಿಸ್ದೆ ಮೇಡಂ," ಎಂದ.

"ನಿಯಮ ಓದಿದ್ರಾ?"

"ಓದಿದೀನಿ."

"ಮತ್ತೆ ಯಾರು ಹೇಳಿದ್ರು ಅಂಟಿಸೋಕೆ?"

ಅವನು ಯಾರ ಹೆಸರನ್ನೂ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹೆಡ್ ಮಿಸ್ ನಮ್ಮ ಕಡೆ ತಿರುಗಿ ಕೇಳಿದರು. "ಇಲ್ಲಿ ಎಲ್ಲರೂ ಹೀಗೆ ಮಾಡ್ತೀರಾ? ಅಥವಾ ಇವರೊಬ್ಬರೇನಾ? ಹಿರಿಯರು ನೀವು, ಹೇಳಿ."

ಕೇಳಿದ್ದು ನನ್ನನ್ನು. ಎಲ್ಲರೂ ಮಾಡ್ತೀವಿ, ಇವನಿಗೆ ಕಲಿಸಿದ್ದೂ ನಾನೇ. ಇಷ್ಟು ಹೇಳಿದ್ದರೆ ಆ ತಂದೆತಾಯಿಗೆ ಕಾಗದ ಅಂಟಿಸಿದ್ದು ಮಲಗಿಸುವುದಕ್ಕೆಂದು ಅರ್ಥವಾಗುತ್ತಿತ್ತು, ಅವನ ಹೆಸರು ಉಳಿಯುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ನಾಲಿಗೆ ಅವತ್ತು ಬಿದ್ದುಹೋಗಿತ್ತು.

"ನನಗೆ ಗೊತ್ತಿಲ್ಲ ಮೇಡಂ," ಎಂದೆ.

ಎರಡು ವಾರ ವಿಚಾರಣೆ ನಡೆಯಿತು. ಮಕ್ಕಳನ್ನು ಕೇಳಿದರು, ಆಯಾಳನ್ನು ಕೇಳಿದರು, ಹುಡುಗಿಯನ್ನು ಡಾಕ್ಟರೂ ನೋಡಿದರು. ತಪ್ಪು ಏನೂ ಇಲ್ಲ ಎಂದು ಬರೆದರು. ಬರೆದು, ಅದರ ಕೆಳಗೇ ಅವನೊಬ್ಬನಿಗೆ ಬೇರೆ ನಿಯಮ ಬರೆದರು. ಹೆಂಗಸೊಬ್ಬಳು ಜೊತೆಗಿಲ್ಲದೆ ಕೋಣೆಯಲ್ಲಿ ಇರಕೂಡದು, ಮಕ್ಕಳನ್ನು ಮುಟ್ಟಕೂಡದು, ಎತ್ತಕೂಡದು, ಮಲಗಿಸಕೂಡದು. ಮೂರು ವರ್ಷದ ಮಕ್ಕಳನ್ನು ಮುಟ್ಟದೆ ನೋಡಿಕೊಳ್ಳಬೇಕಂತೆ! ಅಡುಗೆಯವರನ್ನು ಕರೆದು ಒಲೆ ಹಚ್ಚಬೇಡಿ ಎಂದ ಹಾಗಾಯಿತು.

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಕಲಿತ. ಮಕ್ಕಳು ಓಡಿ ಬಂದು ಕಾಲು ಹಿಡಿದುಕೊಂಡರೆ ಗೋಡೆಗೆ ಒರಗಿ ಮೇಲೆ ನೋಡುತ್ತ ನಿಲ್ಲುತ್ತಿದ್ದ. ಒಮ್ಮೆ ಪುಟ್ಟ ಹುಡುಗನೊಬ್ಬ ಜಾರುಬಂಡೆಯಿಂದ ಬಿದ್ದು, ತುಟಿ ಒಡೆದುಕೊಂಡು, ಎರಡೂ ಕೈ ಚಾಚಿ, "ಉದ್ದ ಮಿಸ್, ಎತ್ಕೋ" ಎಂದು ಅತ್ತ. ಇವನು ಎರಡು ಹೆಜ್ಜೆ ಆಚೆ ನಿಂತು, "ಆಯಾ! ಆಯಾ! ಬೇಗ ಬಾರಮ್ಮಾ!" ಎಂದು ಕೂಗಿದ. ಆಯಾ ಅಡುಗೆಮನೆಯಿಂದ ಬರುವವರೆಗೂ ಮಗು ಕೈ ಚಾಚಿಕೊಂಡೇ ಇತ್ತು. ಮರುದಿನದಿಂದ ಆ ಮಗು ಅವನ ಹತ್ತಿರ ಹೋಗಲಿಲ್ಲ. ನಾನು ಇದನ್ನೆಲ್ಲ ನನ್ನ ಕೋಣೆಯ ಕಿಟಕಿಯಿಂದ ನೋಡಿದೆ, ನೋಡಿಯೂ ಊಟ ಮಾಡಿದೆ, ಮನೆಗೆ ಹೋಗಿ ನಿದ್ದೆಯನ್ನೂ ಮಾಡಿದೆ. ಥೂ, ಎಂಥ ಜನ್ಮ!

ಕಿವಿ ಹಿಡಿಯುವ ಹುಡುಗಿಯನ್ನು ನನ್ನ ಕೋಣೆಗೆ ಹಾಕಿದರು. ಮಧ್ಯಾಹ್ನ ನಾನೂ ಪಕ್ಕದಲ್ಲಿ ಮಲಗಿ ಕಿವಿ ಕೊಟ್ಟೆ. ಓಲೆ ಚುಚ್ಚೀತೇನೋ ಎಂದು ಅದನ್ನೂ ಬಿಚ್ಚಿಟ್ಟೆ. ಅವಳು ಒಮ್ಮೆ ಸವರಿ ನೋಡಿ ಕೈ ತೆಗೆದುಕೊಂಡು, ಗೋಡೆಯ ಕಡೆ ಹೊರಳಿ, ಕಣ್ಣು ಬಿಟ್ಟುಕೊಂಡೇ ಮಲಗಿದಳು. ಆ ತಿಂಗಳ ಕೊನೆಗೆ ಅವನು ಕೆಲಸ ಬಿಟ್ಟ. ಯಾರೂ ಕಳಿಸಿಕೊಡಲು ಗೇಟಿನವರೆಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಎಂಟು ತಿಂಗಳಾದ ಮೇಲೆ ಅವನ ಕೋಣೆಗೆ ಹೊಸ ಹುಡುಗಿಯೊಬ್ಬಳು ಟೀಚರಾಗಿ ಬಂದಳು. ಬಂದ ಮೂರನೆಯ ದಿನ ನನ್ನ ಹತ್ತಿರ ಬಂದು, "ಮಿಸ್, ಗಾಜಿಂದ ಬಿಸಿಲು ಬರುತ್ತಲ್ಲಾ, ಏನಾದ್ರೂ ಅಂಟಿಸ್ಲಾ?" ಎಂದು ಕೇಳಿದಳು. ನಾನು ಅವಳನ್ನು ಅಲ್ಲೇ ಬಿಟ್ಟು ನೇರ ಆಫೀಸಿಗೆ ಹೋಗಿ, ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಕೆಲಸದಿಂದ ತೆಗೆಯಿರಿ, ಪೊಲೀಸರಿಗೆ ಬೇಕಾದರೂ ಕೊಡಿ ಎಂದೆ.

ಹೆಡ್ ಮಿಸ್ ಕನ್ನಡಕ ತೆಗೆದಿಟ್ಟರು. "ಅವತ್ತು ಉಳಿದ ನಾಲ್ಕು ಬಾಗಿಲಲ್ಲೂ ಹಸಿ ಅಂಟಿತ್ತು. ನಾನೇನು ಕುರುಡಿಯಾ?"

"ಮತ್ತೆ ಯಾಕೆ ಸುಮ್ನಿದ್ರಿ?"

"ನೀವ್ಯಾಕೆ ಸುಮ್ನಿದ್ರಿ?"

ಅವರೇ ಕನ್ನಡಕ ಮತ್ತೆ ಹಾಕಿಕೊಂಡು, "ಆ ತಂದೆತಾಯಿಯನ್ನ ನಾನು ಕರೆದು ಹೇಳ್ತೀನಿ. ಅವನು ಬರೋದಾದ್ರೆ ಬರಲಿ, ಆ ಬೇರೆ ನಿಯಮ ಹರಿದು ಹಾಕ್ತೀನಿ," ಎಂದರು.

ಭಾನುವಾರ ಅವನ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿ ಅಂಗಡಿಯ ಪಕ್ಕ, ಬೀದಿಗೆ ಹೊಂದಿಕೊಂಡ ಒಂದೇ ಕೋಣೆ, ಹಿಂದೆ ಅಡುಗೆಮನೆ. ಅವನ ಹೆಂಡತಿ ಹಿಂದಿನ ಬಾಗಿಲ ಬಳಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಚಾಪೆಯ ಮೇಲೆ ಮೂರು ತಿಂಗಳ ಹೆಣ್ಣುಮಗು ನಿದ್ದೆಯಲ್ಲಿತ್ತು. ಅವನು ಈಗ ಅಪ್ಪನ ಜೊತೆ ಡಿಪೋದಲ್ಲಿ ಹಲಗೆ ಅಳೆಯುತ್ತಿದ್ದ. ಅಪ್ಪ ಮಾತಾಡುತ್ತಿದ್ದಾರಂತೆ. ನನ್ನನ್ನು ಕಂಡು ಎದ್ದು ನಿಂತು, "ಬನ್ನಿ ಅಕ್ಕಾ," ಎಂದು ತಾನು ಕೂತಿದ್ದ ಕುರ್ಚಿಯನ್ನೇ ಕೊಟ್ಟ. ಆ "ಅಕ್ಕಾ" ನನಗೆ ಕಪಾಳಕ್ಕೆ ಹೊಡೆದಂತಾಯಿತು. ಕೂರದೆ, ಅಳುತ್ತಲೇ ನನ್ನ ತಪ್ಪನ್ನು ಒಪ್ಪಿಕೊಂಡೆ.

"ಗೊತ್ತಿತ್ತು ಅಕ್ಕಾ," ಎಂದ. "ಆ ತಾಯಿ ಕಿರುಚಿದ ಮೇಲೆ ಪಕ್ಕದಲ್ಲಿ ಪರಪರ ಅಂತ ಕೀಳೋ ಸದ್ದು ಕೇಳಿಸ್ತು. ನೀವು ಬರ್ತೀರೇನೋ ಅಂದ್ಕೊಂಡಿದ್ದೆ."

"ಬೈಯೋ, ಎರಡು ಏಟು ಹೊಡಿ, ಏನಾದ್ರೂ ಮಾಡು. ಆದ್ರೆ ವಾಪಸ್ ಬಾ. ಎಲ್ಲಾ ಹೇಳಿದೀನಿ, ನಿಯಮನೂ ತೆಗೀತಾರೆ. ನಿನ್ನಂಥೋನು ಹಲಗೆ ಅಳೀಬಾರದು ಕಣೋ."

"ಆಗಲ್ಲ ಅಕ್ಕಾ."

"ಯಾಕಾಗಲ್ಲ?"

ಅಷ್ಟರಲ್ಲಿ ಚಾಪೆಯ ಮೇಲಿನ ಮಗು ಎದ್ದು ಅಳತೊಡಗಿತು. ಅವನು ನಿಂತಲ್ಲಿಂದಲೇ "ಇವಳೇ, ಬಾರೇ, ಅಳ್ತಿದಾಳೆ," ಎಂದು ಹೆಂಡತಿಯನ್ನು ಕರೆದ.

ಯಂತ್ರ ನಿಂತಿತು. "ನಿಮ್ಮ ಪಕ್ಕದಲ್ಲೇ ಇದಾಳಲ್ರೀ. ಬಟ್ಟೆ ಒದ್ದೆ ಆಗಿರುತ್ತೆ, ಬದಲಾಯ್ಸಿ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನನಗೆ ಮಾತ್ರ ಕೇಳುವಂತೆ, "ಮಗು ಹುಟ್ಟಿದಾಗಿಂದ ಇವರು ಹೀಗೇ," ಎಂದಳು.

ಮಗು ಕೆಂಪಾಗಿ ಚೀರುತ್ತಿತ್ತು. ಅವನು ಅದನ್ನು ದಾಟಿ ಬೀದಿಯ ಬಾಗಿಲಿಗೆ ಹೋದ. ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಕಲ್ಲೊಂದನ್ನು ಅಡ್ಡ ಇಟ್ಟ. ಕಿಟಕಿಯ ಪರದೆಯನ್ನೂ ಪಕ್ಕಕ್ಕೆ ಸರಿಸಿದ. ಸೈಕಲ್ ಅಂಗಡಿಯವನಿಗೆ ಒಳಗೆಲ್ಲ ಕಾಣುವಂತಾದ ಮೇಲೆ ಬಂದು ಮಂಡಿಯೂರಿ ತನ್ನ ಮಗಳನ್ನು ಎತ್ತಿಕೊಂಡ. ನಾನು ಇನ್ನೊಂದು ಸಲ ವಾಪಸ್ ಬಾ ಎನ್ನಲಿಲ್ಲ.