ಸ್ಟೆಪ್ನಿ ಗೋಲಿಗೆ ನಿಂತದ್ದು

ಅವನಿಗೆ ಸ್ಟೆಪ್ನಿ ಎಂದು ಹೆಸರಿಟ್ಟವರು ಬಸ್ ಡಿಪೋದವರು. ಇಟ್ಟವರಿಗೆ ಎಂಥ ಸರಿಯಾದ ಹೆಸರಿಟ್ಟೆವೆಂದು ಖುಷಿ, ಇಡಿಸಿಕೊಂಡವನಿಗೆ ಬೇಸರವೇನೂ ಇಲ್ಲ. ಸ್ಟೆಪ್ನಿ ಚಕ್ರ ಬಸ್ಸಿನ ಜೊತೆ ಊರೆಲ್ಲ ಸುತ್ತುತ್ತದೆ, ಆದರೆ ಅದಕ್ಕೆ ರಸ್ತೆಯ ಪರಿಚಯವಿಲ್ಲ. ನಮ್ಮ ಸ್ಟೆಪ್ನಿಯದೂ ಅದೇ ಪಾಡು. ಬೆಳಗಿನ ಪಾಳಿಯಲ್ಲಿ ಸಿಟಿ ಬಸ್ಸು ಓಡಿಸುವ ಈ ಮನುಷ್ಯ ಒಂಬತ್ತು ವರ್ಷದಿಂದ ದೇಶದ ಫುಟ್‌ಬಾಲ್ ತಂಡಕ್ಕೆ ಎರಡನೇ ಗೋಲ್‌ಕೀಪರ್. ತಂಡದ ಜೊತೆ ವಿಮಾನ ಹತ್ತಿದ್ದಾನೆ, ಹೋಟೆಲಿನಲ್ಲಿ ಮಲಗಿದ್ದಾನೆ, ರಾಷ್ಟ್ರಗೀತೆಗೆ ನೆಟ್ಟಗೆ ನಿಂತಿದ್ದಾನೆ. ಆಡಿದ್ದು ಮಾತ್ರ ಇಲ್ಲ, ಒಂದೇ ಒಂದು ನಿಮಿಷವೂ ಇಲ್ಲ.

ದೇಶದ ತಂಡ ಎಂದ ಕೂಡಲೇ ಹುಬ್ಬೇರಿಸಬೇಡಿ. ದೊಡ್ಡ ತಂಡಗಳು ಆಡುವ ದೊಡ್ಡ ಕಪ್ಪಿನ ಮಾತು ಬೇರೆ. ಅಲ್ಲಿಗೆ ಕಾಲಿಡಲಾಗದ ಏಷ್ಯಾದ ಸಣ್ಣಪುಟ್ಟ ದೇಶಗಳಿಗೂ ಒಂದು ಕಪ್ ಇರಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಟೂರ್ನಿಯಲ್ಲಿ ಆಡುವ ತಂಡ ಇದು. ಟೂರ್ನಿಯ ಹೆಸರಿನಲ್ಲಿ ‘ಉದಯೋನ್ಮುಖ’ ಎಂಬ ಮಾತಿದೆ. ಉದಯಿಸುತ್ತ ಉದಯಿಸುತ್ತ ಕೆಲವರಿಗೆ ತಲೆ ನರೆತಿದೆ, ಅದಿರಲಿ. ಸ್ಟೆಪ್ನಿಯ ತಂಡದಲ್ಲಿ ಬ್ಯಾಂಕಿನ ಗುಮಾಸ್ತನಿದ್ದ, ಬೇಕರಿಯವನಿದ್ದ, ಶಾಲೆಯ ಡ್ರಿಲ್ ಮೇಷ್ಟರಿದ್ದರು, ಗೋಲಿನ ಮುಂದೆ ಗೋಡೆಯಂತೆ ನಿಲ್ಲುವ ಪೋಸ್ಟ್‌ಮ್ಯಾನ್ ಇದ್ದ. ಎಲ್ಲರೂ ರಜೆ ಹಾಕಿ ಬಂದು ದೇಶಕ್ಕಾಗಿ ಆಡುವವರು, ಆಡಿ ಮುಗಿಸಿ ಮರುದಿನ ಕೆಲಸಕ್ಕೆ ಹೋಗುವವರು.

ಮೊದಲನೇ ಗೋಲ್‌ಕೀಪರ್ ಹೊರಗಿನವನಾಗಿದ್ದರೆ ಸ್ಟೆಪ್ನಿ ಅವನನ್ನು ಮನಸಾರೆ ಶಪಿಸಬಹುದಿತ್ತು. ಆ ಭಾಗ್ಯವೂ ಇರಲಿಲ್ಲ. ಅವನು ಹೆಂಡತಿಯ ಒಡಹುಟ್ಟಿದ ತಮ್ಮ. ಹೊಸ ಅಳಿಯನಾಗಿ ಹೋದ ದಿನಗಳಲ್ಲಿ ಮಾವನ ಮನೆಯ ಹಿಂದಿನ ಗೋಡೆಗೆ ಸೀಮೆಸುಣ್ಣದಿಂದ ಗೋಲು ಬರೆದು, ಆ ಹುಡುಗನಿಗೆ ಎಡಕ್ಕೆ ಬಲಕ್ಕೆ ಹಾರುವುದನ್ನು ಕಲಿಸಿದವನು ಸ್ಟೆಪ್ನಿಯೇ. ಹುಡುಗ ಚೆನ್ನಾಗಿ ಕಲಿತ. ಎಷ್ಟು ಚೆನ್ನಾಗಿ ಎಂದರೆ ಕಲಿಸಿದವನನ್ನೇ ಬೆಂಚಿನ ಮೇಲೆ ಕೂರಿಸಿದ. ಅಂದಿನಿಂದ ಅತ್ತೆಯ ಪ್ರಾರ್ಥನೆ ದೇವರಿಗೂ ತಲೆನೋವು ತರುವಂಥದ್ದು. ಮಗನಿಗೆ ಕೂದಲೂ ಕೊಂಕಬಾರದು, ಅಳಿಯಂದಿರಿಗೂ ಒಂದು ಆಟ ಸಿಗಬೇಕು.

ಎರಡನೇ ಗೋಲ್‌ಕೀಪರನಿಗೆ ಕೆಲಸವಿಲ್ಲ ಎಂದುಕೊಳ್ಳಬೇಡಿ. ಅಭ್ಯಾಸದ ಹೊತ್ತಿನಲ್ಲಿ ಅವನು ಮೈದಾನದ ಒಂದು ಮೂಲೆಯಲ್ಲಿ ನಿಲ್ಲುತ್ತಾನೆ. ತಂಡದವರು ಅವನತ್ತ ಚೆಂಡು ಒದೆಯುತ್ತಾರೆ, ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಭಾವಮೈದನಿಗೆ ಎಸೆಯುತ್ತಾನೆ. ಬಂದದ್ದನ್ನು ಹಿಡಿ, ಅವನಿಗೆ ಕೊಡು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ, ಮನೆಯಲ್ಲಿ ಮಗಳು ತಲೆದಿಂಬು ಎಸೆದರೂ ಅವನ ಕೈಗಳು ಅವನನ್ನು ಕೇಳದೆ ಹೋಗಿ ಹಿಡಿಯುತ್ತಿದ್ದವು.

ಈ ಸಲ ಟೂರ್ನಿ ನಡೆದದ್ದು ಅವನದೇ ಊರಿನಲ್ಲಿ. ಶುರುವಾಗುವ ಮುಂಚೆಯೇ ಕೋಚ್ ಅವನನ್ನು ಪಕ್ಕಕ್ಕೆ ಕರೆದು, ಮುಂದಿನ ಸಲಕ್ಕೆ ಹೊಸಬನನ್ನು ನೋಡಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ ಎಂದಿದ್ದರು. ಸ್ಟೆಪ್ನಿ ಬೇಜಾರು ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳಾದೀತು. ಅಂದು ಡಿಪೋಗೆ ಹೋಗಿ ಖಾಲಿ ಬಸ್ಸಿನಲ್ಲಿ ಕೂತು ಸ್ಟೇರಿಂಗನ್ನು ಒರೆಸಿದ್ದೇ ಒರೆಸಿದ್ದು. ಈ ಸಲ ಆಡಿದರೆ ಆಡಿದ, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ.

ತಂಡ ಸೆಮಿಫೈನಲ್‌ವರೆಗೆ ಹೋಗಿ ಅಲ್ಲಿ ಸೋತಿತು. ಉಳಿದದ್ದು ಮೂರನೇ ಸ್ಥಾನದ ಪಂದ್ಯ. ಗೆದ್ದರೆ ಕಂಚಿನ ಪದಕ. ಈ ದೇಶದ ಕೊರಳಿಗೆ ಫುಟ್‌ಬಾಲಿನಲ್ಲಿ ಅಲ್ಲಿಯವರೆಗೆ ಯಾವ ಲೋಹವೂ ಬಿದ್ದಿರಲಿಲ್ಲ.

ಪಂದ್ಯದ ದಿನ ಬೆಳಗ್ಗೆ ಹೆಂಡತಿ ಅವನ ಜರ್ಸಿಗೆ ಇಸ್ತ್ರಿ ಹಾಕುತ್ತಿದ್ದಳು.

“ಅದಕ್ಯಾಕೆ ಇಸ್ತ್ರಿ? ಮೇಲೆ ಜಾಕೆಟ್ ಇರುತ್ತೆ, ಯಾರಿಗೆ ಕಾಣುತ್ತೆ?”

“ಹಾಕ್ಕೊಳ್ಳಿ ಅಂದ್ರೆ ಹಾಕ್ಕೊಳ್ಳಿ. ಎಲ್ಲದಕ್ಕೂ ವಾದ ನಿಮ್ಮದು.”

ಮಗಳು ಹಾಲಿನ ಲೋಟ ಕೆಳಗಿಟ್ಟು ಹೇಳಿದಳು: “ಅಪ್ಪಾ, ನಿಮ್ಮಪ್ಪ ಯಾವ ಜಾಗದಲ್ಲಿ ಆಡ್ತಾರೆ ಅಂತ ಟೀಚರ್ ಕೇಳಿದ್ರು. ಬೆಂಚಲ್ಲಿ ಅಂದೆ.”

ಸ್ಟೆಪ್ನಿ ನಕ್ಕ. ಇಸ್ತ್ರಿಯಾದ ಜರ್ಸಿಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡ.

ಸಂಜೆ ಪಂದ್ಯ. ಬೇಕರಿಯವನು ಹಾರಿ ತಲೆಯಿಂದ ಒಂದು ಗೋಲು ಹೊಡೆದ. ಊರಿಗೆ ಊರೇ ಎದ್ದು ಕುಣಿಯಿತು. ಎದುರು ತಂಡದವರು ಪ್ರಾಣದ ಹಂಗು ತೊರೆದು ಓಡಿದರು, ಭಾವಮೈದ ಒಂದನ್ನೂ ಒಳಗೆ ಬಿಡಲಿಲ್ಲ. ಆಟ ಮುಗಿಯಲು ಇನ್ನೇನು ಐದಾರು ನಿಮಿಷ ಇದೆ ಎನ್ನುವಾಗ ಅವನು ಸಲೀಸಾಗಿ ಒಂದು ಚೆಂಡು ಹಿಡಿದು, ಅದನ್ನು ಗೆರೆಯಾಚೆ ಎಸೆದು, ತೊಡೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ.

ಸ್ಟೆಪ್ನಿ ಐಸಿನ ಚೀಲ ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿದ.

“ಏನಾಯ್ತೋ? ಎಲ್ಲಿ ನೋವು?”

“ನೋವೇನಿಲ್ಲ ಭಾವ. ನೀವು ಬನ್ನಿ.”

“ತಮಾಷೆ ಮಾಡ್ಬೇಡ. ಏಳು ಮೇಲೆ!”

“ಎದ್ರೆ ಅಕ್ಕ ಮನೆ ಬಾಗಿಲು ತೆಗೆಯಲ್ಲ ಅಂದಿದಾಳೆ. ಒಂದು ಗೋಲು ಮುಂದಿದ್ರೆ ಕೂತ್ಕೋ, ಇಲ್ದಿದ್ರೆ ನನ್ನ ಮುಖ ನೋಡ್ಬೇಡ ಅಂತ. ನಿಮ್ಮ ದಮ್ಮಯ್ಯ ಭಾವ, ಜಾಕೆಟ್ ಬಿಚ್ಚಿ.”

ಸ್ಟೆಪ್ನಿ ಪ್ರೇಕ್ಷಕರ ಕಡೆ ನೋಡಿದ. ಅಷ್ಟು ಜನರ ನಡುವೆ ಹೆಂಡತಿ ಎಲ್ಲಿದ್ದಾಳೋ ತಿಳಿಯಲಿಲ್ಲ. ಬೇಡ ಎನ್ನಬಹುದಿತ್ತು. ಇವನಿಗೇನೂ ಆಗಿಲ್ಲ ಎಂದು ಕೋಚಿಗೆ ಹೇಳಬಹುದಿತ್ತು. ದೊಡ್ಡ ಮನಸ್ಸಿನವರು ಹಾಗೆ ಮಾಡುತ್ತಿದ್ದರೇನೋ. ಸ್ಟೆಪ್ನಿ ಜಾಕೆಟ್ ಬಿಚ್ಚಿದ. ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ.

ಗೋಲಿನ ಬಾಯಲ್ಲಿ ನಿಂತವನು ತನ್ನ ಹೆದರಿಕೆ ಯಾರಿಗೂ ಕಾಣದಿರಲಿ ಎಂದು ಜೋರಾಗಿ ಚಪ್ಪಾಳೆ ತಟ್ಟಿದ, ಎಡಕ್ಕೆ ಹೋಗಿ, ಬಲಕ್ಕೆ ಬನ್ನಿ ಎಂದು ಬೇಕಿಲ್ಲದಿದ್ದರೂ ಕೂಗಿದ. ಇಷ್ಟು ವರ್ಷ ಬೆಂಚಿನಿಂದ ಓರೆಯಾಗಿ ನೋಡುತ್ತಿದ್ದವನಿಗೆ ಈಗ ಇಡೀ ಮೈದಾನ ಮುಂದೆ ಹರಡಿಕೊಂಡಿತ್ತು. ಆದರೆ ಚೆಂಡು ಇತ್ತ ಸುಳಿಯಲೇ ಇಲ್ಲ. ಮೊದಲು ಅದು ಬರದಿರಲಿ ಎಂದು ಬೇಡಿಕೊಂಡವನು ಆಮೇಲೆ ಒಂದು ಸಲ ಬರಲಪ್ಪ ಎಂದು ಬೇಡತೊಡಗಿದ.

ಇದು ಪೋಸ್ಟ್‌ಮ್ಯಾನಿಗೆ ಅರ್ಥವಾಯಿತು. ಒಳ್ಳೆಯ ಮನುಷ್ಯ, ಯಾರ ಪಾಲಿನದನ್ನೂ ಅವರಿಗೆ ಮುಟ್ಟಿಸದೆ ಇರುವವನಲ್ಲ. ಚೆಂಡು ಅವನ ಕಾಲಿಗೆ ಸಿಕ್ಕಿದಾಗ ಸುತ್ತ ಯಾರೂ ಇರಲಿಲ್ಲ, ಮುಂದಕ್ಕೆ ಒದ್ದಿದ್ದರೆ ಮುಗಿದಿತ್ತು. ಅವನು ತಿರುಗಿ, “ತಗೊಳ್ಳಪ್ಪಾ, ಮುಟ್ಟು!” ಎಂದು ಮೆಲ್ಲಗೆ ಹಿಂದಕ್ಕೆ ಕೊಟ್ಟ. ಚೆಂಡು ಉರುಳುತ್ತ ಬಂತು. ಸ್ಟೆಪ್ನಿ ಬಗ್ಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವಚಿಕೊಂಡ.

ತನ್ನವರೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ, ಒದೆಯಬೇಕು. ಬೀದಿಯಲ್ಲಿ ಆಡುವ ಮಕ್ಕಳಿಗೂ ಇದು ಗೊತ್ತು. ಸ್ಟೆಪ್ನಿಗೆ ಗೊತ್ತಿರಲಿಲ್ಲವೇ? ಭಾವಮೈದನಿಗೆ ಹೇಳಿಕೊಟ್ಟವನೇ ಅವನು. ಆದರೆ ಅವನ ಕೈಗಳು ಅವನನ್ನು ಕೇಳಲಿಲ್ಲ. ರೆಫರಿ ಸೀಟಿ ಊದಿದರು. ಪೋಸ್ಟ್‌ಮ್ಯಾನ್ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಿಸಿದ.

ಗೋಲಿನಿಂದ ಆರೇಳು ಹೆಜ್ಜೆ ಆಚೆ ಎದುರು ತಂಡಕ್ಕೆ ಫ್ರೀ ಕಿಕ್. ಸ್ಟೆಪ್ನಿಯ ಇಡೀ ತಂಡ ಗೋಲಿನ ಗೆರೆಯ ಮೇಲೆ ಸಾಲಾಗಿ ನಿಂತಿತು. ಎದುರಿನವರಲ್ಲೊಬ್ಬ ಚೆಂಡು ತಟ್ಟಿದ, ಇನ್ನೊಬ್ಬ ಒದ್ದ. ಅದು ಗುಮಾಸ್ತನ ಮೊಣಕಾಲಿಗೆ ಬಡಿದು ಬಲೆ ಸೇರಿತು. ಒಂದಕ್ಕೊಂದು ಸಮ. ಆಟ ಅಲ್ಲಿಗೆ ಮುಗಿಯಿತು, ಪೆನಾಲ್ಟಿ ಶುರುವಾಯಿತು. ಕೂತವನನ್ನು ಮತ್ತೆ ಎಬ್ಬಿಸಿ ಒಳಗೆ ಕಳಿಸುವಂತಿಲ್ಲ, ಗೋಲಿಗೆ ಸ್ಟೆಪ್ನಿಯೇ ಗತಿ.

ಅವನು ಪ್ರತಿ ಸಲವೂ ಹಾರಿದ. ಒಂದು ಚೆಂಡು ಅವನ ಬೆರಳಿಗೆ ತಾಗಿಯೇ ಒಳಗೆ ಹೋಯಿತು. ಒಂದು ಕಂಬಕ್ಕೆ ಬಡಿಯಿತು. ಉಳಿದವು ಅವನು ಇಲ್ಲದ ಕಡೆಗೇ ಬಂದವು. ಇತ್ತ ಬೇಕರಿಯವನೂ ಡ್ರಿಲ್ ಮೇಷ್ಟರೂ ಹೊರಗೆ ಹೊಡೆದರು. ಪದಕ ಬೇರೆಯವರ ಕೊರಳಿಗೆ ಬಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಬೈಗುಳಕ್ಕೆ ಮೈಯೊಡ್ಡಿ ಕೂತ. ಯಾರೂ ಬೈಯಲಿಲ್ಲ. ನಾನು ಯಾಕಾದರೂ ಹಿಂದಕ್ಕೆ ಕೊಟ್ಟೆನೋ ಎಂದು ಪೋಸ್ಟ್‌ಮ್ಯಾನ್, ನಾನು ಏಳಬೇಕಿತ್ತು ಎಂದು ಭಾವಮೈದ, ನೆಟ್ಟಗೆ ಹೊಡೆಯಬೇಕಿತ್ತು ಎಂದು ಮೇಷ್ಟರು. ತಪ್ಪು ಹೊರಲು ನಾ ಮುಂದು ತಾ ಮುಂದು. ಕೋಚ್ ಬಂದು ಅವನ ಮುಂದೆ ನಿಂತು, “ನಾಳೆ ಡ್ಯೂಟಿ ಇದೆಯಾ?” ಎಂದರು.

“ಬೆಳಗಿನ ಪಾಳಿ, ಸರ್.”

“ಹಾಗಾದ್ರೆ ಮನೆಗೆ ಹೋಗಿ ಮಲಗಿ.”

ಮನೆಯಲ್ಲಿ ಮಗಳು ನಿದ್ದೆಹೋಗಿದ್ದಳು. ಹೆಂಡತಿ ಬಡಿಸಿದಳು. ಅವಳ ಮುಖ ಇಷ್ಟಗಲ ಊದಿಕೊಂಡಿತ್ತು, ತಮ್ಮನನ್ನು ಕೂರಿಸಿದ್ದು ತಾನೇ ಎಂಬುದು ಅವಳಿಗೆ ಈಗ ಉಗುಳಲೂ ಆಗದ ನುಂಗಲೂ ಆಗದ ತುತ್ತಾಗಿತ್ತು.

“ಒಂದ್ ಮಾತು ಹೇಳ್ತೀನಿ, ಬೈಬಾರ್ದು,” ಎಂದ ಸ್ಟೆಪ್ನಿ.

“ಹೇಳಿ.”

“ಎಲ್ಲರ ಪದಕ ನನ್ನಿಂದ ಹೋಯ್ತು. ಅದು ನಿಜ. ಆದ್ರೂ ಒಳಗೊಳಗೇ ಖುಷಿಯಾಗ್ತಿದೆ ಕಣೇ. ನಾಚಿಕೆಗೆಟ್ಟ ಖುಷಿ.”

ಅವಳು ಸೌಟು ಕೆಳಗಿಟ್ಟಳು. “ನಂಗೂ,” ಎಂದು ಅತ್ತುಬಿಟ್ಟಳು. ಅಳುತ್ತಲೇ ಇನ್ನೊಂದು ಸೌಟು ಬಡಿಸಿದಳು.

ಬೆಳಗ್ಗೆ ರಜೆ ಹಾಕೋಣವೆಂದು ಒಂದು ಮನಸ್ಸು. ಹಾಕಿ ಎಷ್ಟು ದಿನ ಅವಿತುಕೊಂಡಿರುವುದು? ಹೋದ. ಬಸ್ಸು ತುಂಬಿತು. ಹತ್ತಿದವರೆಲ್ಲ ಅವನ ಮುಖ ನೋಡಿ, ಕಂಡೂ ಕಾಣದವರಂತೆ ಹೋಗಿ ಕೂತರು. ಎರಡು ಸ್ಟಾಪು ದಾಟಿದ ಮೇಲೆ ಹಿಂದಿನ ಸೀಟಿನಿಂದ ಯಾರೋ ಬಾಯಿಬಿಟ್ಟರು:

“ಡ್ರೈವರ್ ಸಾಹೇಬ್ರೇ, ಸ್ಟೇರಿಂಗ್ ಕೈಯಲ್ಲಿ ಹಿಡೀಬಹುದು ತಾನೇ? ಫೌಲ್ ಆಗಲ್ವಲ್ಲಾ?”

ಇಡೀ ಬಸ್ಸು ಘೊಳ್ಳೆಂದಿತು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ಕಂಬ ಹಿಡಿದು ನಕ್ಕ. ಸ್ಟೆಪ್ನಿಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಮುಂದಿನ ಸ್ಟಾಪಿನಲ್ಲಿ ಕೈಚೀಲ ಹಿಡಿದ ಅಜ್ಜಿಯೊಬ್ಬರು ಮುಂದಿನ ಬಾಗಿಲಿನಿಂದ ಹತ್ತಿದರು. ಏನು ನಗು ಎಂದು ಕೇಳಿದ್ದಕ್ಕೆ, “ನಿನ್ನೆ ಮ್ಯಾಚ್ ಸೋಲಿಸಿದೋರು ಇವ್ರೇ ಅಜ್ಜಿ,” ಎಂದ ಕಂಡಕ್ಟರ್. ಅಜ್ಜಿ ಡ್ರೈವರ್ ಸೀಟಿನ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ದೇಶದ ಗೋಲ್‌ಕೀಪರ್ ನೀನೇನಪ್ಪಾ?”

ಈ ಪ್ರಶ್ನೆ ಅವನಿಗೆ ಹೊಸದಲ್ಲ. ಡಿಪೋದವರು ಯಾರಿಗಾದರೂ ಹೇಳಿ ಕೊಚ್ಚಿಕೊಂಡಾಗಲೆಲ್ಲ ಜನ ಕೇಳುತ್ತಿದ್ದರು. ನಾನಲ್ಲ, ನನ್ನ ಭಾವಮೈದ ಎಂದು ಹೇಳಿ ಹೇಳಿ ಅವನಿಗೆ ಬಾಯಿಪಾಠವಾಗಿತ್ತು.

“ಹೌದಮ್ಮ, ನಾನೇ,” ಎಂದು ಸ್ಟೆಪ್ನಿ ಗೇರ್ ಹಾಕಿದ.