ಗಿರೀಶ ಒಳಗಿದ್ದಾಗ ಸೊನ್ನೆ

ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ದೆವ್ವ ಭೂತ ಎಂದವರನ್ನು ಗೇಲಿ ಮಾಡಿಕೊಂಡೇ ಬೆಳೆದವನು ನಾನು. ಆದರೆ ಇದು ನನ್ನ ಕಣ್ಣೆದುರೇ ನಡೆದದ್ದು, ಸಿಯಾಟಲ್ ಹತ್ತಿರ ಕ್ಯಾನ್ಯನ್ ಪಾರ್ಕಿನ ಲ್ಯಾಬಿನಲ್ಲಿ, ಎರಡು ಸಾವಿರದ ಎಂಟರ ಸುಮಾರಿಗೆ.

ಗಾಳಿಯಲ್ಲಿ ತೇಲುವ ಹೊಗೆ, ಧೂಳಿನ ಸೂಕ್ಷ್ಮ ಕಣಗಳನ್ನು ಎಣಿಸುವ ಯಂತ್ರ ನಮ್ಮದು. ಅದನ್ನು ವಿಮಾನಕ್ಕೆ ಕಟ್ಟಿಕೊಂಡು ನನ್ನ ಹುಬ್ಬಳ್ಳಿ ಗೆಳೆಯ ಗಿರೀಶ ಉತ್ತರ ಧ್ರುವದ ಹಿಮದ ಮೇಲೆ ಮೂರು ವಾರ ಹಾರಾಡಿ ಬಂದಿದ್ದ. ಬಂದ ನಾಲ್ಕನೇ ದಿನ ಅವನ ಹೆಂಡತಿ ಸವಿತಾ ಫೋನ್ ಮಾಡಿದಳು.

"ಅಣ್ಣಾ, ಇವರು ನಿದ್ದೀನ ಮಾಡವಲ್ರು. ಕೂಸನ್ನ ಹತ್ರ ಒಯ್ದ್ರ ಚಿಟ್ಟನ ಚೀರತದ. ಒಮ್ಮೆ ನೀವ ನೋಡಿ ಹೇಳ್ರಿ... ನನಗ ಭಾಳ ಅಂಜಿಕಿ ಆಗೇದ."

"ದಣದಾನವ್ವಾ, ಅಷ್ಟ" ಎಂದೆ.

ಅಂದೇ ರಾತ್ರಿ ನಾನೂ ಗಿರೀಶನೂ ಯಂತ್ರದ ಪರೀಕ್ಷೆಗೆ ಕುಳಿತೆವು. ಜನ ಓಡಾಡಿದರೆ ಕಣಗಳು ಏಳುತ್ತವೆ, ಅದಕ್ಕೇ ಈ ಕೆಲಸ ಕಟ್ಟಡ ಖಾಲಿಯಾದ ಮೇಲೆ. ಯಂತ್ರ ಇರುವುದು ಗಾಳಿ ಸೋಸಿದ ಗಾಜಿನ ಕೋಣೆಯಲ್ಲಿ. ಯಾರೂ ಇಲ್ಲದಾಗ ಸೊನ್ನೆ ತೋರಿಸಬೇಕು. ಒಬ್ಬ ಮನುಷ್ಯ ಕಾಲಿಟ್ಟರೆ ಸಾಕು, ಉಸಿರು, ಚರ್ಮ, ಬಟ್ಟೆಯಿಂದ ಉದುರಿದ್ದೆಲ್ಲ ಸೇರಿ ಅಂಕಿ ಜಿಗಿಯುತ್ತದೆ.

ನಾನು ಹೊರಗೆ, ಅಂಕಿ ತೋರಿಸುವ ಪರದೆಯ ಮುಂದೆ. ಗಿರೀಶ ಒಳಗೆ ಹೋದ.

ಸೊನ್ನೆ.

ಪಂಪಿನ ಗುಂಯ್ ಸದ್ದು ಮಾತ್ರ... ಅವನು ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೇ ಮುಖ ಒಡ್ಡಿದ. ಸೊನ್ನೆ. ತಲೆ ಕೆರೆದುಕೊಂಡ. ಸೊನ್ನೆ.

"ಥೂ ಇದರ ಮನಿ ಹಾಳಾಗ, ಮಷೀನ್ ಕೆಟ್ಟದ" ಎನ್ನುತ್ತ ನಾನೂ ಒಳಹೊಕ್ಕೆ. ಅಂಕಿ ಸರ್ರನೆ ಮುನ್ನೂರು ದಾಟಿತು! ಅವನ ಪಕ್ಕದಲ್ಲಿ ಫ್ರೀಜರ್ ಬಾಗಿಲು ತೆರೆದಂಥ ತಣ್ಣನೆಯ ವಾಸನೆ. ಹೊರಬಂದು ಬಾಗಿಲು ಹಾಕಿ ಕಾದೆ. ಅಂಕಿ ಇಳಿಯಿತು... ಎಂಟು... ಮೂರು... ಸೊನ್ನೆ. ಗಿರೀಶ ಇನ್ನೂ ಒಳಗೇ ಇದ್ದ.

"ಅಲ್ಲಿ ಹಿಮದಾಗ ಏನಾತೋ ಗಿರ್ಯಾ?" ಮೈಕಿನಲ್ಲಿ ಮೆಲ್ಲಗೆ ಕೇಳಿದೆ.

"ಏನೂ ಆಗ್ಲಿಲ್ಲಪಾ. ಎಲ್ಲಾ ಬೆಳ್ಳಗ ಇತ್ತು, ಅಷ್ಟ." ನಕ್ಕ. ನನ್ನ ಗಿರೀಶನದೇ ನಗು.

ನನಗೆ ಹೆದರಿಕೆಯೂ ಆಗಲಿಲ್ಲ ನೋಡಿ. ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಮನಸ್ಸೇ ಮರಗಟ್ಟಿತ್ತು. ಯಂತ್ರವನ್ನು ಮೂರು ಸಲ ತಪಾಸಣೆ ಮಾಡಿದೆ. ಏನೂ ಕೆಟ್ಟಿರಲಿಲ್ಲ.

ಅವನ ಕಾರು ಟೋಟೆಮ್ ಲೇಕ್ ಕಡೆ, ಮನೆಗೆ ಹೊರಟಿತು. ಹಿಂದೆಯೇ ಸವಿತಾಳ ಫೋನ್.

"ನೋಡಿದ್ರೇನಣ್ಣಾ? ಹೆಂಗದಾರ?"

ಏನು ಹೇಳಲಿ? ನಿನ್ನ ಗಂಡ ಒಳಗಿದ್ದರೂ ಯಂತ್ರದ ಲೆಕ್ಕದಲ್ಲಿ ಕೋಣೆ ಖಾಲಿ ಎನ್ನಲೇ?

"ಆರಾಮ ಅದಾನವ್ವಾ."

ಅತ್ತಲಿಂದ ದೊಡ್ಡ ನಿಟ್ಟುಸಿರು. "ನೀವ ಹೇಳಿದ್ರಲ್ಲ, ಸಾಕು. ಹಂಗಾರ ಇವತ್ತ ಕೂಸನ್ನ ಅವರ ಬಾಜೂಕ ಮಲಗಸ್ಲೇನ್ರಿ?"

"ಹೂಂ" ಎಂದೆ.

ಯಾಕೆ ಹಾಗೆಂದೆನೋ, ಇವತ್ತಿಗೂ ಗೊತ್ತಿಲ್ಲ...