ಪುಟ್ಟಸಿದ್ದಯ್ಯನ ಬಿಗಿ ಲಿವರ್

ಚುನಾವಣೆ ಬಂದು ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸುವ ದಿನವೆಂದರೆ ಬಂಡಳ್ಳಿಯ ಪುಟ್ಟಸಿದ್ದಯ್ಯನಿಗೆ ಹಬ್ಬ. ಸಾಲಿನಲ್ಲಿ ನಿಂತವರ ರೈಫಲ್ಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಖಾಲಿಯೆಂದು ನೋಡಿ, ಗುಂಡು ಏರಿಸುವ ಲಿವರನ್ನು ಕಣ್ಣು ಮುಚ್ಚಿ ಎಳೆಯುತ್ತಾನೆ. “ಇದು ಕೊಳ್ಳೇಗಾಲದ ರೇಷ್ಮೆ ಕಣ್ಲಾ, ಅಂಗೇ ಜಾರ್ತದೆ. ನಿಂದು ರಾಗಿಕಲ್ಲು ಬೀಸ್ದಂಗದೆ!” ಹತ್ತು ಹೆಜ್ಜೆ ದೂರದಿಂದ ಸದ್ದು ಕೇಳಿಯೇ ಯಾರ ಮನೆಯದೆಂದು ಹೇಳಿಬಿಡುತ್ತಾನೆ, ಪೇದೆಯೂ ತಲೆದೂಗುತ್ತಾನೆ. ಆದರೆ ಅವನದೇ ರೈಫಲ್ಲಿನ ಲಿವರ್ ಎಳೆಯಲು ಮೊಣಕಾಲು ಕೊಟ್ಟು ಒತ್ತಬೇಕು. “ಎರಡು ತೊಟ್ಟು ಎಣ್ಣೆ ಬುಡಬಾರ್ದಾ, ಸಿದ್ದಣ್ಣ?” ಎಂದು ಈ ಸಲ ಪಕ್ಕದ ಹೊಲದ ಮಾದೇಶ್ ಕೇಳಿದ. “ಅದು ಸಲೀಸಾಗಿದ್ದಾಗ, ಜೋಳದೊಳಗೆ ಅಲ್ಲಾಡಿದ್ದು ಕಾಡಂದಿ ಅಂತ ಗುಂಡು ಒಡ್ದ್‌ಬುಟ್ಟೆ. ಅಲ್ಲಿ ನಿಮ್ಮತ್ತಿಗೆ ಉಲ್ಲು ಕುಯ್ತಿದ್ಲು. ಗುಂಡು ಸೆರಗು ಸೀಳ್ಕಂಡು ಓಯ್ತು. ಈಗ ಲಿವರ್ ಎಳೆಯೋದ್ರೊಳಗೆ ‘ಯಾರದು?’ ಅಂತ ಕೂಗಕ್ಕೆ ಪುರುಸೊತ್ತು ಸಿಕ್ತದೆ.”